ಗೇರ್ ಉಲ್ಟಾ ಮಾಡಿದ್ದು ಅರ್ಧ ದಿನ, ಕಾಲಿಗೆ ಕಲಿಸಿದ್ದು ಮೂರು ತಿಂಗಳು

ಶ್ರೀಪೆರಂಬುದೂರು ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ನಲ್ಲಿ ಅದು ನನ್ನ ಮೂರನೇ ಟ್ರ್ಯಾಕ್ ಡೇ, ಅಂದರೆ ನಮ್ಮ ನಮ್ಮ ಬೈಕನ್ನು ಟ್ರ್ಯಾಕ್‌ನಲ್ಲಿ ಓಡಿಸುವ ದಿನ. ಒಂದು ಸುತ್ತು ಸುಮಾರು 3.7 ಕಿಲೋಮೀಟರ್. ಬಲ ತಿರುವುಗಳಲ್ಲಿ ನನಗೆ ತೊಂದರೆ ಇರಲಿಲ್ಲ. ಎಡ ತಿರುವಿನಿಂದ ಹೊರಗೆ ಬರುವಾಗ ಮಾತ್ರ ಪ್ರತಿ ಸುತ್ತಿನಲ್ಲೂ ಅದೇ ಕಷ್ಟ. ಬೈಕ್ ಇನ್ನೂ ಎಡಕ್ಕೆ ವಾಲಿರುತ್ತದೆ, ಎಂಜಿನ್ ಕೂಗುತ್ತಿರುತ್ತದೆ, ಮೇಲಿನ ಗೇರ್ ಬೇಕು. ಅದಕ್ಕೆ ಬೂಟಿನ ತುದಿಯನ್ನು ಎಡಗಡೆಯ ಗೇರ್ ಲಿವರ್ ಕೆಳಗೆ ತೂರಿಸಿ ಎತ್ತಬೇಕು. ಆದರೆ ಲಿವರ್‌ಗೂ ನೆಲಕ್ಕೂ ನಡುವೆ ಆಗ ಜಾಗವೇ ಇರೋದಿಲ್ಲ. ಬೈಕ್ ನೆಟ್ಟಗಾಗುವವರೆಗೆ ಕಾಯಬೇಕು, ಇಲ್ಲಾಂದ್ರೆ ಬೂಟು ಡಾಂಬರಿಗೆ ಉಜ್ಜುತ್ತದೆ. ಸಂಜೆ ಬಿಚ್ಚಿ ನೋಡಿದರೆ ಎಡ ಬೂಟಿನ ಮುಂಭಾಗ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಬಲ ಬೂಟು ಹೊಸದರ ಹಾಗೇ ಇತ್ತು.

ರೇಸ್ ಓಡಿಸುವ ಬಹಳಷ್ಟು ಜನ ಇದಕ್ಕೇ ಗೇರ್ ಉಲ್ಟಾ ಇಟ್ಟುಕೊಳ್ಳುತ್ತಾರೆ. ಆರು ಗೇರಿನ ಮಾಮೂಲಿ ಬೈಕಿನಲ್ಲಿ ಒಂದನೇ ಗೇರ್ ಕೆಳಗೆ, ಉಳಿದ ಐದೂ ಮೇಲೆ. ಉಲ್ಟಾ ಮಾಡಿದರೆ ಒಂದನೇದು ಮೇಲೆ, ಉಳಿದದ್ದೆಲ್ಲ ಕೆಳಗೆ. ಅಂದರೆ ವೇಗ ಏರಿಸುವಾಗ ಲಿವರನ್ನು ಮೇಲಿನಿಂದ ಒತ್ತಿದರೆ ಸಾಕು. ಎಷ್ಟೇ ವಾಲಿದ್ದರೂ ಲಿವರ್ ಮೇಲೆ ಪಾದ ಇಡೋಕೆ ಜಾಗ ಇದ್ದೇ ಇರುತ್ತದೆ.

ಹಾಸನದಲ್ಲಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಅದರಲ್ಲೇನೋ ಹೊಸದು? ನನ್ನ ಬುಲೆಟ್ ಹಾಗೇ ಅಲ್ವೇನೋ! ಒಂದು ಮೇಲೆ, ಮೂರು ಕೆಳಗೆ. ಬಲಗಾಲಲ್ಲಿ ಅಷ್ಟೇ" ಅಂದರು. ನಿಜ. ಹಳೇ ಬುಲೆಟ್‌ಗಳಲ್ಲಿ ಗೇರ್ ಬಲಗಡೆ, ಬ್ರೇಕ್ ಎಡಗಡೆ. ಒಂದನೇ ಗೇರಿಗೆ ಲಿವರ್ ಎತ್ತಬೇಕು, ಉಳಿದದ್ದಕ್ಕೆ ಒತ್ತಬೇಕು. ನಾನು ದಿನಾ ಆಫೀಸಿಗೆ ಹೋಗುವ ಸ್ಪ್ಲೆಂಡರ್‌ನಲ್ಲೂ ನಾಲ್ಕೂ ಗೇರ್ ಮುಂದಕ್ಕೆ ಒತ್ತಿಯೇ ಹಾಕಬೇಕು. ಆಗ ಧೈರ್ಯ ಬಂತು. ನನ್ನ ಕಾಲಿಗೆ ಈ ದಿಕ್ಕು ಪೂರ್ತಿ ಅಪರಿಚಿತವೇನಲ್ಲ.

ಶನಿವಾರ ಬೆಳಿಗ್ಗೆ ಮನೆಯ ಪಾರ್ಕಿಂಗ್‌ನಲ್ಲಿ ಕೆಲಸ ಶುರು ಮಾಡಿದೆ. ನನ್ನದು 300 ಸಿಸಿಯ ಎರಡು ಸಿಲಿಂಡರ್ ಬೈಕು. ಕಾಲಿನ ಹತ್ತಿರದ ಲಿವರ್‌ನಿಂದ ಒಂದು ಸಣ್ಣ ರಾಡ್ ಹೊರಟು ಎಂಜಿನ್ ಪಕ್ಕದ ಒಂದು ತೋಳಿಗೆ ಸೇರುತ್ತದೆ. ಆ ತೋಳು ಗೇರ್ ಬಾಕ್ಸಿನಿಂದ ಹೊರಗೆ ಬಂದಿರುವ ಶಾಫ್ಟಿನ ಹಲ್ಲುಗಳ ಮೇಲೆ ಕೂತಿರುತ್ತದೆ. ಆ ತೋಳನ್ನು ಬಿಚ್ಚಿ, ಅದರ ಮುಖವನ್ನು ಎದುರು ದಿಕ್ಕಿಗೆ ಮಾಡಿ ಮತ್ತೆ ಕೂರಿಸಬೇಕು, ಅಷ್ಟೇ. ಗಡಿಯಾರದ ಮುಳ್ಳು 12ರಲ್ಲಿದ್ದಾಗ ಅದರ ತುದಿಯನ್ನು ಬಲಕ್ಕೆ ತಳ್ಳಿದರೆ ಮುಂದಕ್ಕೆ ಹೋಗುತ್ತದೆ. 6ರಲ್ಲಿದ್ದಾಗ ಅದೇ ಬಲಕ್ಕೆ ತಳ್ಳಿದರೆ ಹಿಂದಕ್ಕೆ ಹೋಗುತ್ತದೆ. ಇಲ್ಲಿ ಆಗೋದೂ ಅದೇ. ಗೇರ್ ಬಾಕ್ಸಿನ ಒಳಗೆ ಏನೂ ಬದಲಾಗೋದಿಲ್ಲ.

ಎಲ್ಲ ಬೈಕುಗಳಲ್ಲೂ ಇಷ್ಟು ಸುಲಭ ಅಲ್ಲ. ಕೆಲವದರಲ್ಲಿ ತೋಳು ತಿರುಗಿಸಿದರೆ ಫ್ರೇಮಿಗೋ ಸ್ಪ್ರಾಕೆಟ್ ಕವರಿಗೋ ತಾಗುತ್ತದೆ. ಅಂಥದ್ದಕ್ಕೆ ಬೇರೆ ರಿಯರ್ ಸೆಟ್ (ಫುಟ್‌ರೆಸ್ಟ್, ಲಿವರ್ ಸೇರಿದ ಸೆಟ್) ಹಾಕಿಸಬೇಕಾಗುತ್ತದೆ. ಕ್ಲಚ್ ಹಿಡಿಯದೆ ಗೇರ್ ಬದಲಿಸೋಕೆ ಬಿಡುವ ಕ್ವಿಕ್ ಶಿಫ್ಟರ್ ಇದ್ದರೆ ಇನ್ನೊಂದು ವಿಷಯ: ಮೊದಲು ರಾಡನ್ನು ಎಳೆದಾಗ ಕೆಲಸ ಮಾಡುತ್ತಿದ್ದ ಸೆನ್ಸರ್ ಈಗ ತಳ್ಳಿದಾಗ ಕೆಲಸ ಮಾಡಬೇಕು. ಅದು ಎರಡೂ ಕಡೆ ಓದುತ್ತದೋ, ಸೆಟ್ಟಿಂಗ್ ಬದಲಿಸಬಹುದೋ ಅಂತ ಮೊದಲೇ ನೋಡಿಕೊಳ್ಳಿ.

ಬಿಚ್ಚುವ ಮೊದಲು ಫೋಟೋ ತೆಗೆದೆ. ಬಿಳಿ ಪೇಂಟ್ ಪೆನ್ನಿನಿಂದ ಶಾಫ್ಟಿಗೂ ತೋಳಿಗೂ ಸೇರಿಸಿ ಒಂದು ಗೆರೆ ಎಳೆದೆ. ಬೋಲ್ಟ್ ಸಡಿಲ ಮಾಡಿ ಎಳೆದರೆ ತೋಳು ಅಲುಗಲಿಲ್ಲ. ಚೈನಿನ ಎಣ್ಣೆಗೆ ಧೂಳು ಸೇರಿ ಅಲ್ಲಿ ಕರೀ ಮೇಣದ ಹಾಗೆ ಕಟ್ಟಿಕೊಂಡಿತ್ತು. ಕೈ ಸುತ್ತಿಗೆ ಕಡೆ ಹೋಯಿತು, ಆದರೆ ಹೊಡೆಯಲಿಲ್ಲ. ಆ ಶಾಫ್ಟಿಗೆ ಪೆಟ್ಟು ಬಿದ್ದರೆ ಒಳಗಿನ ಗೇರ್ ಬದಲಿಸುವ ಭಾಗಗಳಿಗೇ ತಾಗುತ್ತದೆ. ಸೀಮೆಎಣ್ಣೆ ಬ್ರಷ್‌ನಿಂದ ಉಜ್ಜಿ, ಬಗ್ಗಿ ಟಾರ್ಚ್ ಹಿಡಿದು ನೋಡಿದಾಗ ಕಾರಣ ಗೊತ್ತಾಯಿತು. ಬೋಲ್ಟು ಶಾಫ್ಟಿನ ಮೇಲಿನ ಒಂದು ಕಚ್ಚಿನೊಳಗೆ ಹಾದು ಹೋಗುತ್ತದೆ. ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ತೆಗೆದೆ. ಸ್ಕ್ರೂಡ್ರೈವರ್‌ನಿಂದ ತೋಳಿನ ಸೀಳನ್ನು ಒಂಚೂರು ಅಗಲಿಸಿದ ತಕ್ಷಣ ತೋಳು ಕೈಗೆ ಬಂತು.

ಮತ್ತೆ ಕೂರಿಸುವಾಗ ಜಾಸ್ತಿ ಹೊತ್ತು ಹಿಡಿಯಿತು. ರಾಡ್ ಮತ್ತು ತೋಳು ಸೇರುವ ಜಾಗದಲ್ಲಿ ಹತ್ತಿರ ಹತ್ತಿರ 90 ಡಿಗ್ರಿ ಇರಬೇಕು. ಇಲ್ಲದಿದ್ದರೆ ಒಂದು ದಿಕ್ಕಿಗೆ ಗೇರ್ ಹಗುರ, ಇನ್ನೊಂದು ದಿಕ್ಕಿಗೆ ಬಿಗಿ. ಒಂದೇ ಒಂದು ಹಲ್ಲು ಆಚೀಚೆ ಆದರೂ ಲಿವರ್ ಎತ್ತರದಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಸಣ್ಣ ಹೊಂದಾಣಿಕೆಗೆ ರಾಡನ್ನೇ ತಿರುಗಿಸಬೇಕು. ಅದರ ಒಂದು ತುದಿಯಲ್ಲಿ ಎಡಕ್ಕೆ ತಿರುಗಿಸಿ ಬಿಗಿಸುವ ಮರೆ (ಥ್ರೆಡ್), ಇನ್ನೊಂದರಲ್ಲಿ ಬಲಕ್ಕೆ ಬಿಗಿಸುವ ಮರೆ. ಹಾಗಾಗಿ ಒಂದು ಲಾಕ್ ನಟ್ ಬಿಚ್ಚುವುದು ಉಲ್ಟಾ ಕಡೆಗೆ. ಅದು ಗೊತ್ತಿಲ್ಲದೆ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ಕೊನೆಗೆ ಬೋಲ್ಟು ತಾನಾಗೇ ಸಡಿಲವಾಗದ ಹಾಗೆ ನೀಲಿ ಥ್ರೆಡ್ ಲಾಕರ್ ಅಂಟು ಹಚ್ಚಿ, ಮ್ಯಾನುವಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿದೆ. ಬೈಕನ್ನು ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಆರೂ ಗೇರ್ ಹಾಕಿ, ತೆಗೆದು, ರಾಡ್ ಎಲ್ಲೂ ತಾಗುತ್ತಿಲ್ಲ ಅಂತ ಖಚಿತ ಮಾಡಿಕೊಂಡೆ.

ಲಿವರ್ ಎತ್ತರದಲ್ಲಿ ಒಂದು ತಪ್ಪು ಮಾಡಿದ್ದೆ. ಬರಿಗಾಲಲ್ಲಿ ಕೂತು ಅಳತೆ ನೋಡಿದ್ದೆ. ರೇಸ್ ಬೂಟಿನ ಅಟ್ಟೆ ದಪ್ಪ. ಬೂಟು ಹಾಕಿ ಕೂತಾಗ ಪಾದದ ಭಾರವೆಲ್ಲ ಲಿವರ್ ಮೇಲೆ ಬೀಳುತ್ತಿತ್ತು. ಹಾಗೆ ಬಿಟ್ಟಿದ್ದರೆ ತಿರುವಿನ ನಡುವೆ ತಾನಾಗೇ ಗೇರ್ ಬೀಳುತ್ತಿತ್ತು. ರಾಡನ್ನು ಒಂದೂವರೆ ಸುತ್ತು ತಿರುಗಿಸಿ ಲಿವರ್ ಕೆಳಗಿಳಿಸಿದ ಮೇಲೆ ಸರಿಹೋಯಿತು.

ಇಷ್ಟಕ್ಕೆ ಮಧ್ಯಾಹ್ನವಾಯಿತು. ಉಳಿದದ್ದು ಕಾಲಿನ ಕೆಲಸ. ಸ್ಪ್ಲೆಂಡರ್ ಮಾತು ಬೇರೆ, ಇಂಥ ಬೈಕುಗಳಲ್ಲಿ ಕೆಳಗೆ ಒತ್ತಿದರೆ ವೇಗ ಇಳಿಯುತ್ತದೆ ಅಂತ ಹದಿನೈದು ವರ್ಷದಿಂದ ಕಲಿತ ಕಾಲು ಅದು. ದಿನಾ ರಾತ್ರಿ ಹತ್ತು ನಿಮಿಷ ಸ್ಟ್ಯಾಂಡ್ ಮೇಲಿನ ಬೈಕಿನಲ್ಲಿ ಕೂತು, ಕಣ್ಣು ಮುಚ್ಚಿ, ಟ್ರ್ಯಾಕಿನ ಒಂದು ಸುತ್ತನ್ನು ಮನಸ್ಸಿನಲ್ಲೇ ಓಡಿಸುತ್ತಿದ್ದೆ. ಬ್ರೇಕ್, ಎತ್ತು, ಎತ್ತು. ತಿರುವು. ಒತ್ತು. ಆಮೇಲೆ ಭಾನುವಾರ ಬೆಳಗ್ಗೆ ಖಾಲಿ ಮೈದಾನದಲ್ಲಿ. ಇಂಧನ ಟ್ಯಾಂಕ್ ಮೇಲೆ ಒಂದು ಟೇಪ್ ಅಂಟಿಸಿ "ಒತ್ತಿದರೆ ಜಾಸ್ತಿ" ಅಂತ ಬರೆದಿದ್ದೆ.

ಆದರೂ ಟ್ರ್ಯಾಕಿನಲ್ಲಿ ಒಮ್ಮೆ ಕಾಲು ಮರೆಯಿತು. ಮೊದಲ ಸೆಷನ್ ನಿಧಾನಕ್ಕೆ ಓಡಿಸಿದ್ದೆ, ಎಲ್ಲ ಸರಿ ಇತ್ತು. ಎರಡನೇ ಸೆಷನ್‌ನಲ್ಲಿ ಮುಂದಿನ ಬೈಕನ್ನು ನೋಡುತ್ತಾ ನೇರ ದಾರಿಯ ಕೊನೆಗೆ ಬಂದೆ. ಬ್ರೇಕ್ ಹಿಡಿದೆ, ಕಾಲು ಹಳೇ ಅಭ್ಯಾಸದಲ್ಲಿ ಒತ್ತಿತು. ಐದರಿಂದ ಆರಕ್ಕೆ ಹೋಯಿತು. ಎಂಜಿನ್ ಹಿಡಿತವೇ ಇಲ್ಲದೆ ಬೈಕ್ ತೇಲಿಕೊಂಡು ಹೋದ ಹಾಗಾಯಿತು. ತಿರುವಿಗೆ ಇಳಿಸುವ ಯೋಚನೆ ಬಿಟ್ಟು, ನೆಟ್ಟಗೆ ಬ್ರೇಕ್ ಹಿಡಿದು ಹೊರಗಿನ ಖಾಲಿ ಜಾಗಕ್ಕೆ ಹೋದೆ. ಬೀಳಲಿಲ್ಲ. ಪಿಟ್‌ಗೆ ಬಂದು ಆ ಸೆಷನ್ ಅಲ್ಲಿಗೇ ನಿಲ್ಲಿಸಿದೆ.

ಈ ತಪ್ಪಿನ ಇನ್ನೊಂದು ರೂಪ ಇದಕ್ಕಿಂತ ಕೆಟ್ಟದ್ದು. ಎಂಜಿನ್ ತುತ್ತತುದಿಯಲ್ಲಿ ಓಡುತ್ತಿರುವಾಗ ಮೇಲಿನ ಗೇರ್ ಬೇಕು ಅಂತ ಮರೆತು ಎತ್ತಿದರೆ ಕೆಳಗಿನ ಗೇರ್ ಬೀಳುತ್ತದೆ. ಹಿಂದಿನ ಚಕ್ರವೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತದೆ. ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಕೂಡ ಅಲ್ಲಿ ಏನೂ ಮಾಡಲಾರದು, ಅದು ಇಂಧನವನ್ನೋ ಕಿಡಿಯನ್ನೋ ಮಾತ್ರ ನಿಲ್ಲಿಸಬಲ್ಲದು. ಚಕ್ರ ಲಾಕ್ ಆಗಬಹುದು, ವಾಲ್ವ್ ಬಾಗಬಹುದು. ಅದಕ್ಕೇ ಹೇಳ್ತೀನಿ, ಮೊದಲ ಒಂದು ದಿನ ಪೂರ್ತಿ ನಿಧಾನಕ್ಕೆ ಓಡಿಸಿ. ಸಮಯ ಅಳೆಯೋಕೆ ಹೋಗಬೇಡಿ.

ನಾಲ್ಕನೇ ಸೆಷನ್‌ನಲ್ಲಿ ಅದೇ ಎಡ ತಿರುವು ಬಂತು. ಮೊಣಕಾಲು ಇನ್ನೂ ಹೊರಗಿತ್ತು, ಥ್ರಾಟಲ್ ತೆರೆದಿತ್ತು, ಪಾದ ಸುಮ್ನೆ ಒಂದು ಸಲ ಒತ್ತಿತು. ಬೈಕ್ ಅಲುಗದೆ ಮುಂದಿನ ಗೇರಿಗೆ ಹೋಯಿತು. ಹೆಲ್ಮೆಟ್ ಒಳಗೆ ಜೋರಾಗಿ ಕೂಗಿಬಿಟ್ಟೆ.

ಈಗ ಈ ಬೈಕನ್ನು ರಸ್ತೆಗೆ ತೆಗೆಯುವುದು ತೀರಾ ಕಡಿಮೆ. ಯಾರಿಗೂ ಹೇಳದೆ ಕೊಡೋದೂ ಇಲ್ಲ. ಒಮ್ಮೆ ಸರ್ವಿಸ್‌ಗೆ ಬಿಟ್ಟಾಗ ಹೇಳೋದು ಮರೆತಿದ್ದೆ. ಅಲ್ಲಿನ ಹುಡುಗ ನ್ಯೂಟ್ರಲ್‌ನಿಂದ ಎಂದಿನಂತೆ ಕೆಳಗೆ ಒತ್ತಿ ಕ್ಲಚ್ ಬಿಟ್ಟ. ಎರಡನೇ ಗೇರ್ ಬಿದ್ದು ಗಾಡಿ ಜಗ್ಗಿ ನಿಂತುಹೋಯಿತು. ಪುಣ್ಯಕ್ಕೆ ಗೇಟಿನ ಒಳಗೇ ಇದ್ದ. ಆವತ್ತಿನಿಂದ ಬೈಕ್ ಬಿಡುವಾಗ ಕ್ಲಚ್ ಲಿವರಿಗೆ ಕೆಂಪು ಟೇಪ್ ಸುತ್ತಿ, "ಅಣ್ಣಾ, ಗೇರ್ ಉಲ್ಟಾ" ಅಂತ ಚೀಟಿ ಕಟ್ಟಿಯೇ ಕೀಲಿ ಕೊಡುತ್ತೇನೆ.