ರಾ ಫೈಲನ್ನ ಜೆಪೆಗ್ ಮಾಡೂದು ಹೆಂಗ: ಎಕ್ಸ್‌ಪೋರ್ಟ್ ಒತ್ತೂಕಿಂತ ಮೊದಲಿನ ಕೆಲಸ

ಫೈಲ್ ಹೆಸರಿನ ತುದೀಗೆ ಇರೂ ಸಿಆರ್3 (ಕ್ಯಾನನ್ ಕ್ಯಾಮೆರಾದ ರಾ ಫೈಲಿನ ಗುರುತು) ಅಳಿಸಿ ಅಲ್ಲೆ ಜೆಪಿಜಿ ಅಂತ ಬರದ್ರ ರಾ ಫೈಲು, ಅಂದ್ರ ಕ್ಯಾಮೆರಾ ಒಳಗಿನ ಬೆಳಕು ಹಿಡಿಯೂ ಸೆನ್ಸರ್ ಕೊಟ್ಟದ್ದನ್ನ ಹಂಗ ಇಟ್ಟ ಫೈಲು, ಎಲ್ಲಾ ಕಡೆ ಓಪನ್ ಆಗೂ ಸಾದಾ ಜೆಪೆಗ್ ಫೋಟೋ ಆಗೂದಿಲ್ರಿ. ನಗಬ್ಯಾಡ್ರಿ, ಹಿಂಗ ಮಾಡಿ "ಫೈಲ್ ಕರಪ್ಟ್ ಆಗೈತಿ ಸರ್, ಓಪನ್ ಆಗವಲ್ತು" ಅಂತ ಪೆನ್‌ಡ್ರೈವ್ ಹಿಡ್ಕೊಂಡು ಬರೂ ಹುಡುಗರು ಹುಬ್ಬಳ್ಳಿಯೊಳಗ ಇವತ್ತಿಗೂ ಅದಾರ. ಅವರಕಿಂತ ಸ್ವಲ್ಪ ಶಾಣ್ಯಾರು ಯಾವುದರ ಆನ್‌ಲೈನ್ ಕನ್ವರ್ಟರ್ ಹುಡುಕಿ ಅದಕ್ಕ ಹಾಕ್ತಾರ, ಒಂದೊಂದು ಫೈಲು 25-30 ಎಂಬಿ, ನೆಟ್ ಸಾಯ್ತೈತಿ, ಮಂದಿ ಮನಿ ಲಗ್ನದ ಫೋಟೋ ಯಾರದೋ ಸರ್ವರಿನ್ಯಾಗ ಹೋಗಿ ಕೂಡ್ತಾವ, ಇಷ್ಟೆಲ್ಲಾ ಆಗಿ ವಾಪಸ್ ಬರೂದು ಮಂಕಾಗಿದ್ದ ಒಂದು ಸಣ್ಣ ಜೆಪೆಗ್. ಕೆಲವು ಫ್ರೀ ಸಾಫ್ಟ್‌ವೇರ್‌ಗಳ ಆಟ ಇನ್ನೂ ಬ್ಯಾರೆ, ರಾ ಫೈಲಿನ ಹೊಟ್ಟ್ಯಾಗ ಕ್ಯಾಮೆರಾ ಮೊದಲ ಇಟ್ಟಿರೂ ಪ್ರಿವ್ಯೂ ಜೆಪೆಗ್ ಒಂದು ಇರ್ತೈತಲ್ಲ, ಅದನ್ನ ಕಿತ್ತು ಕೈಯಾಗ ಕೊಟ್ಟು "ಕನ್ವರ್ಟ್ ಆತು" ಅಂತಾವ. ಹಂಗಿದ್ರ ರಾ ಹೊಡಿಯೂದರ ಯಾಕ, ಕ್ಯಾಮೆರಾದಾಗ ಜೆಪೆಗ್ ಇಟ್ಟು ಹೊಡದ್ರ ಆತಲ್ಲ.

ಸೆನ್ಸರ್ ಮ್ಯಾಲಿನ ಒಂದೊಂದು ಪಿಕ್ಸೆಲ್ಲಿಗೆ ಒಂದ ಬಣ್ಣ ಗೊತ್ತಿರ್ತೈತಿ. ನಾಲ್ಕು ಮನಿಯೊಳಗ ಎರಡು ಹಸರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯಾಗ ಇದ್ದ ಬ್ರೈಸ್ ಬೇಯರ್ ಅನ್ನಾಂವಗ ಈ ಜೋಡಣಿಗೆ 1976ರಾಗ ಪೇಟೆಂಟ್ ಸಿಕ್ಕಿತ್ತು, ಇವತ್ತಿಗೂ ಬಹುತೇಕ ಕ್ಯಾಮೆರಾದಾಗ ಅದ ನಡದೈತಿ. ಉಳಿದ ಎರಡು ಬಣ್ಣ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಸಾಫ್ಟ್‌ವೇರ್ ಲೆಕ್ಕಾ ಹಾಕಿ ತುಂಬ್ತೈತಿ. 14 ಬಿಟ್ ರಾ ಫೈಲಿನ್ಯಾಗ ಒಂದು ಪಿಕ್ಸೆಲ್ಲಿಗೆ ಬೆಳಕಿನ 16,384 ಮೆಟ್ಟಲ ಇರ್ತಾವ, ಜೆಪೆಗ್ಗಿನ್ಯಾಗ ಒಂದೊಂದು ಬಣ್ಣಕ್ಕ ಬರೇ 256. ಅಷ್ಟರಾಗ ಯಾವುದು ಉಳಿಬೇಕು ಯಾವುದು ಹೋಗಬೇಕು ಅಂತ ಯಾರರ ಒಬ್ಬರು ತೀರ್ಮಾನ ಮಾಡಲೇಬೇಕು, ನೀವು ಮಾಡಲಿಲ್ಲಂದ್ರ ಸಾಫ್ಟ್‌ವೇರ್ ಮಾಡ್ತೈತಿ, ಅದಕ್ಕ ಮದುಮಗಳ ಸೀರಿ ಬಣ್ಣ ಏನಿತ್ತು ಅಂತ ಗೊತ್ತಿಲ್ಲ.

ಹಂತ 1, ಸಾಫ್ಟ್‌ವೇರ್. ಹೊಸಬರಿಗೆ ನಾ ಹೇಳೂದು ಒಂದ, ನಿಮ್ಮ ಕ್ಯಾಮೆರಾ ಕಂಪನೀದ ಫ್ರೀ ಸಾಫ್ಟ್‌ವೇರ್ ಹಾಕ್ಕೋರಿ. ಕ್ಯಾನನ್ ಇದ್ರ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್ ಇದ್ರ ಎನ್ಎಕ್ಸ್ ಸ್ಟುಡಿಯೋ, ಸೋನಿ ಇದ್ರ ಇಮೇಜಿಂಗ್ ಎಡ್ಜ್. ನಿಧಾನ ಅದಾವ ಖರೆ, ಆದ್ರ ಕ್ಯಾಮೆರಾ ಡಿಸ್‌ಪ್ಲೇದಾಗ ಕಂಡ ಬಣ್ಣ ಕಂಪ್ಯೂಟರಿನ್ಯಾಗೂ ಕಾಣ್ತೈತಿ. ಕುಂತು ಕಲಿಯೂ ತಾಳ್ಮಿ ಇದ್ದವರು ಡಾರ್ಕ್‌ಟೇಬಲ್ ಇಲ್ಲಾ ರಾಥೆರಪಿ ತಗೋರಿ, ಎರಡೂ ಪೂರ್ತಿ ಫ್ರೀ. ರೊಕ್ಕಾ ಕೊಡಾಕ ತಯಾರಿದ್ರ ಲೈಟ್‌ರೂಮ್. ಆದ್ರ ಆ ಕ್ರ್ಯಾಕ್ ಮಾಡಿದ ಹಳೇ ಲೈಟ್‌ರೂಮ್ 6 ಮಾತ್ರ ಬಿಡ್ರಪಾ ಇನ್ನ. ಅದಕ್ಕ ಕಡೇ ಅಪ್‌ಡೇಟ್ ಬಂದಿದ್ದು 2017ರಾಗ, ಕ್ಯಾನನ್ನಿನ ಸಿಆರ್3 ಬಂದಿದ್ದು 2018ರಾಗ, ಅದು ಇದನ್ನ ಓದೂದು ಹೆಂಗ? ಸಾಫ್ಟ್‌ವೇರ್ ಹಳೇದು ಕ್ಯಾಮೆರಾ ಹೊಸದು ಅನ್ನೂ ತ್ರಾಸು ಇದ್ದವರು ಅಡೋಬಿ ಪುಕ್ಕಟ ಕೊಡೂ ಡಿಎನ್‌ಜಿ ಕನ್ವರ್ಟರ್ ಇಳಿಸ್ಕೊಂಡು ಮೊದಲ ಡಿಎನ್‌ಜಿ ಮಾಡ್ಕೊಂಡು ಆಮ್ಯಾಲ ಓಪನ್ ಮಾಡಬೌದು. ಡಿಎನ್‌ಜಿ ಅಂದ್ರನೂ ರಾ ಫೈಲ, ಅದನ್ನ ಜೆಪೆಗ್ ಅಂತ ತಿಳ್ಕೊಂಡು ಗಿರಾಕಿಗೆ ಕಳಿಸಬ್ಯಾಡ್ರಿ.

ಹಂತ 2, ಕಾರ್ಡಿನ್ಯಾಗಿಂದ ಕಾಪಿ ಮಾಡ್ಕೊಂಡು ಓಪನ್ ಮಾಡ್ರಿ. ಕಾರ್ಡ್ ಮ್ಯಾಲನ ಕೆಲಸ ಬ್ಯಾಡ.

ಓಪನ್ ಆದ ಕೂಡ್ಲೇ ಮಂದಿ ಹೆದರೂ ಜಾಗಾ ಒಂದೈತಿ. ಫೋಟೋ ಮೊದಲ ಛಲೋ ಬಣ್ಣದಾಗ ಕಾಣ್ತೈತಿ, ಒಂದೆರಡು ಸೆಕೆಂಡಿಗೆ ಫಕ್ಕನ ಮಂಕಾಗ್ತೈತಿ. ಫೈಲ್ ಏನೂ ಕೆಟ್ಟಿಲ್ಲ. ಮೊದಲ ಕಂಡಿದ್ದು ನಾ ಮ್ಯಾಲ ಹೇಳಿದ ಆ ಪ್ರಿವ್ಯೂ, ಆಮ್ಯಾಲ ಬಂದಿದ್ದು ಸಾಫ್ಟ್‌ವೇರ್ ತನ್ನ ಲೆಕ್ಕದಾಗ ಬಿಡಿಸಿದ ಖರೆ ರಾ. ಇಲ್ಲೆ ಗಾಬರಿ ಆಗಿ ಸ್ಯಾಚುರೇಶನ್ (ಬಣ್ಣದ ಗಾಢತನ) ಪಟ್ಟೀನ ಒಮ್ಮಿಗೇ ಬಲಕ್ಕ ಎಳದುಬಿಡ್ತಾರ ನೋಡ್ರಿ, ಅಲ್ಲಿಂದ ಎಲ್ಲಾ ಕೆಡಾಕ ಶುರು ಆಗ್ತೈತಿ. ಸ್ಯಾಚುರೇಶನ್ ಮುಟ್ಟಬ್ಯಾಡ್ರಿ. ಲೈಟ್‌ರೂಮಿನ್ಯಾಗ ಪ್ರೊಫೈಲ್ ಅಂತ ಇರ್ತೈತಿ, ಅಲ್ಲೆ ಕ್ಯಾಮೆರಾ ಮ್ಯಾಚಿಂಗ್ ಒಳಗ ಕ್ಯಾಮೆರಾ ಸ್ಟ್ಯಾಂಡರ್ಡ್ ಆರಿಸ್ರಿ, ಮುಕ್ಕಾಲು ಪಾಲು ಬಣ್ಣ ವಾಪಸ್ ಬರ್ತೈತಿ. ಟೆಲಿಗ್ರಾಮಿನ್ಯಾಗ ಸಿಗೂ "500 ವೆಡ್ಡಿಂಗ್ ಪ್ರಿಸೆಟ್" ಅನ್ನೂ ರೆಡಿಮೇಡ್ ಸೆಟ್ಟಿಂಗ್ ಪ್ಯಾಕ್ ಹಾಕ್ಕೊಂಡವರ ಕೆಲಸ ದೂರಿಂದನ ಗೊತ್ತಾಗ್ತೈತಿ, ಮಾರಿ ಎಲ್ಲಾ ಕಿತ್ತಳಿ ಬಣ್ಣ, ಹಸರು ಎಲ್ಲಾ ಬೂದಿ ಬಣ್ಣ.

ಹಂತ 3, ವೈಟ್ ಬ್ಯಾಲೆನ್ಸ್, ಅಂದ್ರ ಲೈಟಿನ ಬಣ್ಣ ತಗದು ಬಿಳೀದು ಬಿಳೀನ ಕಾಣೂವಂಗ ಮಾಡೂದು. ಇದನ್ನ ರಾ ಇದ್ದಾಗ ಸರಿ ಮಾಡಿದ್ರ ಒಂದು ಪೈಸೆದ ನುಕ್ಸಾನ ಇಲ್ಲ, ಜೆಪೆಗ್ ಆದಮ್ಯಾಲ ಮಾಡಾಕ ಹೋದ್ರ ಬಣ್ಣ ಹರೀತೈತಿ. ಅರಿಷಿಣ ಹಚ್ಚೂ ಕಾರ್ಯಕ್ರಮದಾಗ ಆಟೋ ಇಟ್ಟು ಹೊಡದಿರ್ತೀರಿ, ಕ್ಯಾಮೆರಾಕ್ಕ ಎಲ್ಲಾ ಕಡೆ ಹಳದಿ ಕಂಡು "ಲೈಟ್ ಹಳದಿ ಐತಿ" ಅಂತ ತಿಳ್ಕೊಂಡು ಫೋಟೋಕ್ಕ ನೀಲಿ ತುಂಬಿರ್ತೈತಿ. ಐಡ್ರಾಪರ್ (ಫೋಟೋದಾಗಿನ ಒಂದು ಜಾಗಾ ಆರಿಸೂ ಪಿಚಕಾರಿ ಗುರುತು) ತಗೊಂಡು ಬಣ್ಣ ಇಲ್ಲದ ಬೂದಿ ಜಾಗಾ, ಇಲ್ಲಾ ಸುಟ್ಟು ಹೋಗದ ಬಿಳಿ ಜಾಗಾ ನೋಡಿ ಕ್ಲಿಕ್ ಮಾಡ್ರಿ. ಆದ್ರ ಅಜ್ಜಾರ ಗಾಂಧಿ ಟೋಪಿ ಮ್ಯಾಲ ಕ್ಲಿಕ್ ಮಾಡಬ್ಯಾಡ್ರಿ! ಭಾಳ ಮಂದಿ ಅಲ್ಲೇ ಮಾಡ್ತಾರ, ಫೋಟೋದಾಗ ಎದ್ದು ಕಾಣೂ ಬಿಳಿ ಅದ ಆಗಿರ್ತೈತಿ. ಆ ಟೋಪಿಗೆ ಮನ್ಯಾಗ ನೀಲಿ ಹಾಕಿ ಒಗದಿರ್ತಾರ, ಕಣ್ಣಿಗೆ ಬಿಳಿ ಕಂಡ್ರೂ ಸೆನ್ಸರಿಗೆ ಅದು ನೀಲೀನ, ನೀವು ಅಲ್ಲೆ ಒತ್ತಿದ್ರ ಸಾಫ್ಟ್‌ವೇರ್ ಆ ನೀಲಿ ತಗೀಲಿಕ್ಕೆ ಹೋಗಿ ಪಂಗ್ತಿಯಾಗ ಕುಂತವರ ಮಾರಿ ಎಲ್ಲಾ ಹಳದಿ ಮಾಡಿಬಿಡ್ತೈತಿ. ಸ್ಟೇಜ್ ಮ್ಯಾಲಿನ ನೇರಳೆ ಎಲ್‌ಇಡಿಗೆ ಮಾತ್ರ ಯಾವ ಐಡ್ರಾಪರೂ ನಡಿಯೂದಿಲ್ಲ, ಅಲ್ಲೆ ಮಾರಿ ಬಣ್ಣ ನೋಡ್ಕೊಂಡು ಕೈಲೇ ಹೊಂದಿಸಬೇಕು.

ಹಂತ 4, ಬೆಳಕು ಮತ್ತ ಕೆಂಪು. ಈ ಲೇಖನ ಬರ್ಯಾಕ ಕುಂತಿದ್ದ ಇದರ ಸಲುವಾಗಿ.

ಬೆಳಕಿನ ಮಾತು ಲಗೂನ ಮುಗಿಸ್ತೀನಿ. ಬಿಳಿ ಧೋತರ ಬಿಸಲಾಗ ಸುಟ್ಟಂಗ ಕಂಡ್ರ ಹೈಲೈಟ್ ಕೆಳಗ ಎಳೀರಿ, ರಾದಾಗ ಮಾಹಿತಿ ಉಳದಿದ್ರ ನಿರಿಗಿ ವಾಪಸ್ ಬರ್ತಾವ. ಮೂರೂ ಬಣ್ಣ ಪೂರ್ತಿ ತುಂಬಿ ಹೋಗಿದ್ರ ಏನ ಎಳದ್ರೂ ಬರೇ ಬೂದಿ ಕಲೆ ಬರ್ತೈತಿ, ಅಲ್ಲಿಗೆ ಬಿಟ್ಟುಬಿಡ್ರಿ. ಲಕ್ಕುಂಡಿ ಗುಡಿ ಒಳಗಿನ ಕತ್ತಲಿ ಕಂಬ ಬೆಳಗಸಾಕ ಶ್ಯಾಡೋ ನೂರಕ್ಕ ಇಟ್ಟು ಆಮ್ಯಾಲ ಕಾಳು ಕಾಳು ಬರ್ತೈತಿ ಅಂತ ಬೈಬ್ಯಾಡ್ರಿ, ಅದು ನೀವ ಎಬ್ಬಿಸಿದ್ದು.

ಇನ್ನ ಕೆಂಪು. ಸೀಜನ್ನಿನ್ಯಾಗ ಕ್ಯಾಮೆರಾ ಇದ್ದವರೆಲ್ಲಾ ಬ್ಯಾಡಗಿ ಎಪಿಎಂಸಿಗೆ ಮೆಣಸಿನಕಾಯಿ ರಾಶಿ ಹೊಡ್ಯಾಕ ಹೋಗ್ತಾರ. ಬ್ಯಾಡಗಿ ಕಾಯಿ ಮೈಯೆಲ್ಲಾ ಸುಕ್ಕು, ಗಾಢ ಕೆಂಪು, ಖಾರಕ್ಕಿಂತ ಬಣ್ಣಕ್ಕ ಹೆಸರು ಮಾಡಿದ್ದು. ಕ್ಯಾಮೆರಾದಾಗ ನೋಡಿದ್ರ ಹಿಸ್ಟೋಗ್ರಾಮ್ (ಎಡಕ್ಕ ಕತ್ತಲಿ, ಬಲಕ್ಕ ಬೆಳಕು ಎಷ್ಟೈತಿ ಅಂತ ತೋರಸೂ ಗ್ರಾಫ್) ನಡುವ ಕುಂತಿರ್ತೈತಿ, ಎಲ್ಲಾ ಬರೋಬ್ಬರಿ ಐತಿ ಅನಸ್ತೈತಿ. ಜೆಪೆಗ್ ಮಾಡಿ ನೋಡಿದ್ರ ರಾಶಿ ಹೋಗಿ ಕೆಂಪು ಪೇಂಟ್ ಡಬ್ಬಿ ಚೆಲ್ಲಿದಂಗ ಆಗಿರ್ತೈತಿ, ಒಂದು ಸುಕ್ಕಿಲ್ಲ, ಒಂದು ತೊಟ್ಟಿನ ನೆಳ್ಳಿಲ್ಲ. ಯಾಕಂದ್ರ ಎರಡು ಕಾರಣ. ಒಂದು, ಆ ಬಿಳಿ ಹಿಸ್ಟೋಗ್ರಾಮ್ ಮೂರೂ ಬಣ್ಣ ಕೂಡಿಸಿದ ಲೆಕ್ಕ, ಅದರಾಗ ಹಸರಿನ ತೂಕ ಸುಮಾರು 72 ಪರ್ಸೆಂಟ್, ಕೆಂಪಿಂದು ಸುಮಾರು 21 ಅಷ್ಟ, ಹಿಂಗಾಗಿ ಕೆಂಪು ಗ್ವಾಡಿಗೆ ಹೊಡದು ನಿಂತಿದ್ರೂ ಅದು ತೋರಸೂದಿಲ್ಲ. ಎರಡು, ಜೆಪೆಗ್ ನಾವು ಕೊಡೂದು ಎಸ್‌ಆರ್‌ಜಿಬಿ ಅನ್ನೂ ಬಣ್ಣದ ಚೌಕಟ್ಟಿನ (ಕಲರ್ ಸ್ಪೇಸ್) ಒಳಗ, ಇಷ್ಟು ಗಾಢ ಕೆಂಪು ಆ ಚೌಕಟ್ಟಿನ್ಯಾಗ ಹಿಡಿಯೂದಿಲ್ಲ, ತುರುಕಿದ್ರ ಹಸರು ನೀಲಿ ಎರಡೂ ಸೊನ್ನಿಗೆ ಬೀಳ್ತಾವ. ಕೆಂಪು ಮ್ಯಾಲ ತುಂಬಿ ನಿಂತಮ್ಯಾಲ ಸುಕ್ಕು ಕಾಣಸ್ತಿದ್ದದ್ದು ಆ ಎರಡು ಬಣ್ಣದಾಗಿನ ಸಣ್ಣ ಹೆಚ್ಚುಕಮ್ಮಿ, ಅವೂ ಹೋದ್ರ ಉಳಿಯೂದೇನು.

ಏನು ಮಾಡಬೇಕಪಾ ಅಂದ್ರ, ಸಾಫ್ಟ್‌ವೇರಿನ್ಯಾಗ ಮೂರು ಬಣ್ಣ ಬ್ಯಾರೆ ಬ್ಯಾರೆ ತೋರಸೂ ಹಿಸ್ಟೋಗ್ರಾಮ್ ಹಚ್ರಿ. ಕೆಂಪು ಗೆರಿ ಬಲಗಡೆ ಗ್ವಾಡಿ ಬಿಟ್ಟು ಈ ಕಡೆ ಬರೂ ತನಕ ಎಕ್ಸ್‌ಪೋಶರ್ ಇಳಸ್ರಿ, ಫೋಟೋ ಕಪ್ಪಾತು ಅನಿಸಿದ್ರೂ ಇರ್ಲಿ, ಮಾರಿ, ಗೋಣಿಚೀಲ ಬೇಕಾದ್ರ ಆಮ್ಯಾಲ ಶ್ಯಾಡೋದಾಗ ಸ್ವಲ್ಪ ಎತ್ತಬೌದು. ಅಷ್ಟಕ್ಕ ಆಗಲಿಲ್ಲಂದ್ರ ಬರೇ ಕೆಂಪು ಬಣ್ಣದ ಸ್ಯಾಚುರೇಶನ್ ಹತ್ತು ಹದಿನೈದು ಕಡಿಮಿ ಮಾಡ್ರಿ, ಕೆಂಪಿನ ಲ್ಯುಮಿನನ್ಸ್ (ಹೊಳಪು) ಸಹ ಒಂದಿಷ್ಟು ಇಳಸ್ರಿ. ಎಲ್ಲಾ ಬಣ್ಣದ್ದಲ್ಲ, ಬರೇ ಕೆಂಪಿಂದು. ಕಡೀಕ ಸಾಫ್ಟ್ ಪ್ರೂಫ್ ಹಚ್ಚಿ ಎಸ್‌ಆರ್‌ಜಿಬಿ ಆರಿಸಿ ನೋಡ್ರಿ, ಲೈಟ್‌ರೂಮಿನ ಡೆವಲಪ್ಪಿನ್ಯಾಗ ಎಸ್ ಕೀ ಒತ್ತಿದ್ರ ಬರ್ತೈತಿ, ಡಾರ್ಕ್‌ಟೇಬಲ್ಲಿನ್ಯಾಗೂ ಐತಿ. ಜೆಪೆಗ್ ಆದಮ್ಯಾಲ ಹೆಂಗ ಕಾಣ್ತೈತಿ ಅನ್ನೂದನ್ನ ಅದು ಆಗೂಕಿಂತ ಮೊದಲ ತೋರಸ್ತೈತಿ. ಫೋಟೋ ನೂರು ಪರ್ಸೆಂಟ್ ಝೂಮ್ ಮಾಡಿ ಒಂದ ಕಾಯಿ ಹಿಡೀರಿ, ಅದರ ಸುಕ್ಕಿನ ಮ್ಯಾಲ ಬಿದ್ದ ಮಿಂಚು ಮತ್ತ ಸುಕ್ಕಿನ ಒಳಗಿನ ಕಂದು ಗೆರಿ ಎರಡೂ ಕಂಡ್ರ ಸಾಕು, ಮುಂದ ಹೋಗ್ರಿ. ಲಗ್ನದ ಕೆಂಪು ರೇಷ್ಮಿ ಸೀರಿ, ಹಣಿ ಮ್ಯಾಲಿನ ಕುಂಕುಮ, ಬಂಡಾರದ ಹಳದಿ, ಎಲ್ಲಾದಕ್ಕೂ ಇದ ವಿದ್ಯಾ. ಜರಿ ಅಂಚು ಕಾಣಸ್ಬೇಕಂತ ಬ್ರೈಟ್‌ನೆಸ್ ಏರಿಸಿ ಸೀರಿ ಮೈಯಾಗಿನ ನೇಯ್ಗಿ ಅಳಸಿದ ಆಲ್ಬಮ್ಮು ನಮ್ಮ ಕಡೆ ಮನಿಗೊಂದು ಸಿಗ್ತಾವ.

ಹಂತ 5, ನಾಯ್ಸ್, ಶಾರ್ಪ್‌ನೆಸ್, ಕ್ರಾಪ್, ಸೊಟ್ಟ ಇದ್ದಿದ್ದನ್ನ ನೆಟ್ಟಗ ಮಾಡೂದು, ಇದು ನಿಮಗ ಗೊತ್ತಿದ್ದದ್ದ. ಚಳಿಗಾಲದಾಗ ಗದಗ ಕಡೆ ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತು ಹೊಡ್ಯಾಕ ಹೋಗವರಿಗೆ ಒಂದ ಮಾತು, ನಸಕಿನ್ಯಾಗ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸೂ ಮಟ್ಟ) ಏರಿಸಿ ಹೊಡದಿದ್ದಕ್ಕ ಕಾಳು ಬಂದೇ ಬರ್ತಾವ, ಅವನ್ನ ಪೂರ್ತಿ ಅಳಸಾಕ ಹೋಗಿ ಪುಕ್ಕನೆಲ್ಲಾ ಮೇಣ ಮಾಡಬ್ಯಾಡ್ರಿ.

ಹಂತ 6, ಎಕ್ಸ್‌ಪೋರ್ಟ್. ಫಾರ್ಮ್ಯಾಟ್ ಜೆಪೆಗ್, ಕಲರ್ ಸ್ಪೇಸ್ ಎಸ್‌ಆರ್‌ಜಿಬಿ, ಕ್ವಾಲಿಟಿ 92. ನೂರು ಇಡಬ್ಯಾಡ್ರಿ, ಫೈಲ್ ಸೈಜ್ ಎರಡು ಪಟ್ಟಿನ ಹತ್ರ ಹೋಗಬೌದು, ಕಣ್ಣಿಗೆ ಫರಕ ಕಾಣೂದಿಲ್ಲ. ಅಡೋಬಿ ಆರ್‌ಜಿಬಿ ಹೆಚ್ಚು ಬಣ್ಣ ಹಿಡೀತೈತಿ ಅಂತ ಯಾರರ ಹೇಳಿದ್ರ ಅದು ಖರೆ, ಆದ್ರ ಪ್ರೊಫೈಲ್ ಓದದ ಫೋನಿನ್ಯಾಗ, ಲ್ಯಾಬಿನ ಮಷೀನಿನ್ಯಾಗ ಅದು ಬಿದ್ರ ಫೋಟೋ ಸಪ್ಪಗ ಕಾಣ್ತೈತಿ, ನಿಮ್ಮ ಲ್ಯಾಬಿನವರು ಬಾಯಿಬಿಟ್ಟು ಕೇಳಿದ್ರ ಅಷ್ಟ ಕೊಡ್ರಿ. ಡಿಪಿಐ (ಪ್ರಿಂಟಿನ್ಯಾಗ ಇಂಚಿಗೆ ಎಷ್ಟು ಚುಕ್ಕಿ) 300 ಇಡಲಿಲ್ಲ ಅಂತ ಜಗಳಾಡವರು ಅದಾರ, ಪಿಕ್ಸೆಲ್ ಅಷ್ಟ ಇದ್ದಮ್ಯಾಲ ಅದು ಫೈಲಿಗೆ ಅಂಟಿಸಿದ ಚೀಟಿ ಅಷ್ಟ. ಲೆಕ್ಕ ಪಿಕ್ಸೆಲ್ಲಿನ ಮ್ಯಾಲ ಹಾಕ್ರಿ: 12×36 ಇಂಚಿನ ಆಲ್ಬಮ್ ಶೀಟಿಗೆ 300ರಂಗ 3600×10800 ಬೇಕು, 12×18ಕ್ಕ 3600×5400, 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡೂದು 6000×4000. ಅಂದ್ರ ಒಂದ ಫೋಟೋ ಪೂರ್ತಿ ಶೀಟಿಗೆ ಹಾಸೂ ಪ್ಲ್ಯಾನ್ ಇದ್ರ ಕ್ರಾಪ್ ಮಾಡೂಕಿಂತ ಮೊದಲ ಡಿಸೈನರಿಗೆ ಕೇಳ್ರಿ.

ಟಿಫ್, ಅಂದ್ರ ಜೆಪೆಗ್ಗಿನಂಗ ಮಾಹಿತಿ ಕಳಕೊಳ್ಳದ ದೊಡ್ಡ ಫೋಟೋ ಫೈಲು, ಯಾವಾಗ? ಫೋಟೋಶಾಪಿನ್ಯಾಗ ಮುಂದ ದೊಡ್ಡ ಕೆಲಸ ಇದ್ರ 16 ಬಿಟ್ ಟಿಫ್ ತಗೀರಿ, ಆಕಾಶದಾಗ ಪಟ್ಟಿ ಪಟ್ಟಿ ಬರೂದಿಲ್ಲ. 24 ಮೆಗಾಪಿಕ್ಸೆಲ್ಲಿನ ಒಂದು ಫೋಟೋ ಕಂಪ್ರೆಸ್ ಮಾಡದಿದ್ರ 144 ಎಂಬಿ ಆಗ್ತೈತಿ, ಹಾರ್ಡ್‌ಡಿಸ್ಕ್ ನೋಡ್ಕೊಂಡು ಮಾಡ್ರಿ. ಇಡೀ ಲಗ್ನ ಟಿಫ್ ಮಾಡೂದು ಹುಚ್ಚತನ.

ಒಂದು ಲೈಟಿನ್ಯಾಗ ಹೊಡದ ಫೋಟೋ ಒಂದಕ್ಕ ಸೆಟ್ಟಿಂಗ್ ಮಾಡಿ ಉಳಿದವಕ್ಕ ಕಾಪಿ ಪೇಸ್ಟ್ ಮಾಡ್ರಿ, ಆದ್ರ ಮಂಟಪದ ಸೆಟ್ಟಿಂಗ್ ಊಟದ ಹಾಲಿಗೆ ಹಚ್ಚಬ್ಯಾಡ್ರಿ.

ಆಮ್ಯಾಲ ಇನ್ನೊಂದು. ನೀವು ಮಾಡಿದ ಸೆಟ್ಟಿಂಗ್ ಸಾಮಾನ್ಯವಾಗಿ ರಾ ಫೈಲಿನ ಒಳಗ ಕೂಡ್ರೂದಿಲ್ಲ. ಡಾರ್ಕ್‌ಟೇಬಲ್ ಅದರ ಬಾಜೂಕ ಎಕ್ಸ್‌ಎಂಪಿ ಅಂತ ಸಣ್ಣ ಫೈಲು ಮಾಡಿ ಇಡ್ತೈತಿ, ಲೈಟ್‌ರೂಮ್ ತನ್ನ ಕ್ಯಾಟಲಾಗಿನ್ಯಾಗ ಬರ್ಕೋತೈತಿ. "ಇದೇನು ಕಸ" ಅಂತ ಆ ಸಣ್ಣ ಫೈಲ್ ಅಳಿಸಿ ಬರೇ ರಾ ಪೆನ್‌ಡ್ರೈವಿಗೆ ಹಾಕಿ ಬ್ಯಾರೆ ಕಂಪ್ಯೂಟರಿಗೆ ಒಯ್ದ್ರ ಮಾಡಿದ ಕೆಲಸ ಎಲ್ಲಾ ಇಲ್ಲೇ ಉಳೀತೈತಿ. ಎರಡೂ ಕೂಡಿಸಿ ಕಾಪಿ ಮಾಡ್ರಿ, ಲೈಟ್‌ರೂಮ್ ಇದ್ದವರು ಸೆಟ್ಟಿಂಗಿನ್ಯಾಗ ಎಕ್ಸ್‌ಎಂಪಿಗೆ ತಾನ ಬರಿಯೂ ಟಿಕ್ ಹಾಕ್ಕೋರಿ.

ಗಿರಾಕಿಗೆ ವಾಟ್ಸಾಪಿನ್ಯಾಗ ಕಳಸೂದಿದ್ರ ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡ್ರಿ, ಫೋಟೋ ಅಂತ ಹಾಕಿದ್ರ ಅದು ಮತ್ತ ಹಿಂಡಿ ಸಣ್ಣದು ಮಾಡಿ ಕಳಸ್ತೈತಿ. ಫೋಲ್ಡರ್ ಎರಡು ಮಾಡ್ರಿ, ಪ್ರಿಂಟಿಗೆ ಪೂರ್ತಿ ಸೈಜ್, ಫೋನಿಗೆ ಉದ್ದನ ಬಾಜೂಕ 2048 ಪಿಕ್ಸೆಲ್. ಕಾರ್ಡ್ ಫಾರ್ಮ್ಯಾಟ್ ಮಾಡೂದು ಇಷ್ಟೆಲ್ಲಾ ಆಗಿ, ರಾ ಎರಡು ಕಡೆ ಕಾಪಿ ಆಗಿ, ಆ ಎರಡನೇ ಕಾಪಿಯೊಳಗಿನ ನಾಲ್ಕು ಫೈಲ್ ಓಪನ್ ಮಾಡಿ ನೋಡಿದಮ್ಯಾಲ.