ದೇವರಾಯನದುರ್ಗದ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರ: ನನ್ನ ಅನುಭವ

ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಣಸಿಗದ ಹಳದಿ ಕೊರಳಿನ ಪಿಕಳಾರವನ್ನು ಹುಡುಕುವವರು ಹಕ್ಕಿಗಿಂತ ಮೊದಲು ಬಂಡೆಯನ್ನೂ ಮರವನ್ನೂ ನೋಡಬೇಕು ಎಂಬುದು ತುಮಕೂರಿನ ಸಮೀಪದ ದೇವರಾಯನದುರ್ಗದಲ್ಲಿ ಹಲವು ವರ್ಷ ಅಲೆದು ನಾನು ಕಂಡುಕೊಂಡ ವಿಷಯ.

ಸುಮಾರು 1,190 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿ ತುಮಕೂರು ಪೇಟೆಗಿಂತ ಮೂರ್ನಾಲ್ಕು ನೂರು ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ತಗ್ಗುವ ಲೆಕ್ಕದಲ್ಲಿ ಇಲ್ಲಿನ ವ್ಯತ್ಯಾಸ ಎರಡು ಡಿಗ್ರಿಯ ಆಸುಪಾಸು, ಅಷ್ಟೆ. ಗಿಡಮರಗಳ ಮಟ್ಟಿಗೆ ಅದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಬಂಡೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಜೋರಾಗುವ ಮಳೆಯ ನೀರು ಹಾಸುಬಂಡೆಯ ಮೇಲೆ ನಿಲ್ಲದೆ ದೊಣೆಗಳಲ್ಲಿ ಸೇರಿ, ಬಿರುಕುಗಳ ಆಳಕ್ಕೆ ಇಳಿಯುತ್ತದೆ. ಹೀಗಾಗಿ ಬರಿಗಾಲಿಡಲಾಗದಷ್ಟು ಕಲ್ಲು ಕಾದಿರುವ ಬೇಸಿಗೆಯಲ್ಲೂ ಬಿರುಕಿಗೆ ಬೇರಿಳಿಸಿದ ಕಲ್ಲತ್ತಿ ಹಸಿರಾಗಿಯೇ ಇರುತ್ತದೆ.

ಹಣ್ಣು ಬಿಟ್ಟ ಅಂಥ ಒಂದು ಅತ್ತಿಯ ಮರವನ್ನು ಹಿಂದಿನ ದಿನವೇ ಗುರುತಿಸಿಟ್ಟುಕೊಂಡು, ಬೆಳಗಿನ ಬಿಸಿಲೇರುವ ಮುನ್ನ ಅದರ ಎದುರಿನ ಬಂಡೆಯ ಮರೆಯಲ್ಲಿ ಕುಳಿತುಕೊಳ್ಳುವುದು ನನ್ನ ಕ್ರಮ. ಕರಡಿಗೂ ಈ ಹಣ್ಣು ಇಷ್ಟವಾದ್ದರಿಂದ ನಸುಗತ್ತಲಲ್ಲಿ ಗುಹೆಗಳ ಬಳಿ ಸುಳಿಯುವುದು ಬೇಡ. ಹಕ್ಕಿಗಳು ಬಂದಾಗ ಮೊದಲು ನೆತ್ತಿಯನ್ನು ನೋಡುತ್ತೇನೆ: ನೆಟ್ಟಗಿನ ಚೂಪು ಜುಟ್ಟಿದ್ದರೆ ಅದು ಕೆಮ್ಮೀಸೆ ಪಿಕಳಾರ. ಜುಟ್ಟಿಲ್ಲದ ಬಿಳಿಹುಬ್ಬಿನ ಪಿಕಳಾರಕ್ಕೂ ಬಾಲದ ಬುಡದಲ್ಲಿ ಹಳದಿ ಇರುವುದರಿಂದ ಹಿಂದಿನಿಂದ ನೋಡಿ ತೀರ್ಮಾನಿಸುವಂತಿಲ್ಲ. ನಮ್ಮ ಹಕ್ಕಿಗೆ ಬಿಳಿ ಹುಬ್ಬಿಲ್ಲ. ಹಳದಿಹಸಿರು ತಲೆ, ಉಜ್ಜ್ವಲ ಹಳದಿ ಕೊರಳು, ಅದರ ಕೆಳಗೆ ಬೂದು ಎದೆ, ಬಾಲದ ತುದಿಯಲ್ಲಿ ಮಾಸಲು ಬಿಳುಪು. ಗಂಡು ಹೆಣ್ಣುಗಳ ಬಣ್ಣ ಒಂದೇ. ಲಂಟಾನದ ಹಣ್ಣನ್ನೂ ತಿನ್ನುತ್ತದೆ. ಆದರೂ ಲಂಟಾನ ಬೆಳೆದಲ್ಲೆಲ್ಲ ಹುಡುಕಿದರೆ ಸಿಗುವುದಿಲ್ಲ, ಹತ್ತಿರದಲ್ಲಿ ಬಂಡೆರಾಶಿ ಇರಲೇಬೇಕು.

ಮೊಬೈಲಿನಲ್ಲಿ ಧ್ವನಿಮುದ್ರಿತ ಕೂಗು ಕೇಳಿಸಿ ಹಕ್ಕಿಯನ್ನು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಅಳಿವಿನ ಭೀತಿಯಲ್ಲಿರುವ ಹಕ್ಕಿಯನ್ನು, ಅದರಲ್ಲೂ ಗೂಡು ಕಟ್ಟುವ ಕಾಲದಲ್ಲಿ, ಇಲ್ಲದ ಎದುರಾಳಿಯ ಮೇಲೆ ಜಗಳಕ್ಕೆಬ್ಬಿಸಿ ದಣಿಸುವುದು ಯಾವ ಹವ್ಯಾಸವೋ ತಿಳಿಯದು.

ಇದೇ ಕ್ರಮವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದಲ್ಲೂ ಅನುಸರಿಸಬಹುದು. ಆದರೆ 1,478 ಮೀಟರ್ ಎತ್ತರದ ಅಲ್ಲಿನ ನೆತ್ತಿ ಮಂಜು ಕವಿಯುವ ದಟ್ಟ ಮರಗಳ ಜಾಗ, ನೀಲಗಿರಿ ಕಾಡುಪಾರಿವಾಳಕ್ಕೆ ಒಗ್ಗುವಂಥದು. ಪಿಕಳಾರಕ್ಕಾಗಿ ಹೋದವರು ಅದಕ್ಕಿಂತ ಕೆಳಗಿನ ಕುರುಚಲು ಇಳಿಜಾರಿನಲ್ಲೇ ನಿಂತು ನೋಡುವುದು ಒಳ್ಳೆಯದು.