ಕಂಪನಿ ಕೈಬಿಟ್ಟ ಕ್ಯಾಮೆರಾವನ್ನು ಉಳಿಸಿಕೊಂಡ ಬಗೆ

2020ರ ಜೂನ್ 24ರಂದು ಒಲಿಂಪಸ್ ಕಂಪನಿ ತನ್ನ ಕ್ಯಾಮೆರಾ ವಿಭಾಗವನ್ನು ಜಪಾನ್ ಇಂಡಸ್ಟ್ರಿಯಲ್ ಪಾರ್ಟನರ್ಸ್ ಎಂಬ ಹೂಡಿಕೆ ಸಂಸ್ಥೆಗೆ ಒಪ್ಪಿಸುವುದಾಗಿ ಪ್ರಕಟಿಸಿತು. ಸತತ ಮೂರು ವರ್ಷ ನಷ್ಟ ಕಂಡಿದ್ದೇ ಅದಕ್ಕೆ ಕೊಟ್ಟ ಕಾರಣ. ಮೇ ತಿಂಗಳಲ್ಲೇ ದಕ್ಷಿಣ ಕೊರಿಯಾದಲ್ಲಿ ಕ್ಯಾಮೆರಾ ಮಾರಾಟ ನಿಲ್ಲಿಸುವುದಾಗಿ ಹೇಳಿತ್ತು, ಆಗ ಯಾರೂ ಅಷ್ಟು ಗಮನ ಕೊಟ್ಟಿರಲಿಲ್ಲ. ಜೂನ್ ಸುದ್ದಿ ಬಂದ ಸಂಜೆ ಹುಬ್ಬಳ್ಳಿಯ ಛಾಯಾಗ್ರಾಹಕ ಮಿತ್ರರಿಂದ ನನಗೆ ಒಂದರ ಹಿಂದೆ ಒಂದು ಕರೆ. ಎಲ್ಲರ ಮಾತೂ ಒಂದೇ: ‘ಇನ್ನೂ ನಾಲ್ಕು ಕಾಸು ಸಿಗುವಾಗಲೇ ಮಾರಿಬಿಡು.’

ಅವರ ಕಾಳಜಿಗೆ ಅರ್ಥವಿತ್ತು. ಆ ವರ್ಷ ಏಪ್ರಿಲ್, ಮೇ ತಿಂಗಳ ಮದುವೆಗಳೆಲ್ಲ ಲಾಕ್‌ಡೌನ್‌ಗೆ ಬಲಿಯಾಗಿದ್ದವು. ಆಮೇಲೆ ನಡೆದವಕ್ಕೂ ಐವತ್ತು ಜನರ ಮಿತಿ. ಆಲ್ಬಮ್ ಮಾಡಿಸುವವರೇ ಇಲ್ಲದ ಹೊತ್ತಿನಲ್ಲಿ, ಹಕ್ಕಿ ತೆಗೆಯುವುದಕ್ಕಾಗಿ ಇಟ್ಟುಕೊಂಡ ಒಲಿಂಪಸ್ ಇ-ಎಂ1 ಮಾರ್ಕ್ 2 ನನ್ನ ಕಪಾಟಿನಲ್ಲಿದ್ದ ಐಷಾರಾಮದ ವಸ್ತುವಾಗಿತ್ತು. ಮದುವೆಗೆ ನಾನು ಬಳಸುವುದು ಎಲ್ಲರ ಕೈಯಲ್ಲಿರುವ ಬೇರೆ ಕಂಪನಿಯ ಕ್ಯಾಮೆರಾ. ಒಲಿಂಪಸ್ ಹಿಡಿದವರು ನಮ್ಮ ಅವಳಿ ನಗರದಲ್ಲಿ ಬೆರಳೆಣಿಕೆಯಷ್ಟು ಮಂದಿ.

ಆದರೂ ನಾನು ಮಾರಲಿಲ್ಲ. ಅಭಿಮಾನ ಅದಕ್ಕೆ ಕಾರಣವಲ್ಲ. ಅಭಿಮಾನದ ಮೇಲೆ ಸ್ಟುಡಿಯೋ ಬಾಡಿಗೆ ಕಟ್ಟಲಾಗುವುದಿಲ್ಲ.

ಮೊದಲು ನೋಡಿದ್ದು ಹಿಂದೆ ಮುಚ್ಚಿದವರ ಕಥೆ. ಧಾರವಾಡದಲ್ಲಿ ನಮ್ಮ ಕಾಕಾ ಸ್ಟುಡಿಯೋ ನಡೆಸುತ್ತಿದ್ದಾಗ ಒಳಗಿನ ಕೆಲಸಕ್ಕೆ ಯಾಶಿಕಾ ಮ್ಯಾಟ್ 124ಜಿ, ಹೊರಗಿನ ಕೆಲಸಕ್ಕೆ ಒಲಿಂಪಸ್ ಓಎಂ-1 ಇಟ್ಟುಕೊಂಡಿದ್ದರು. ಯಾಶಿಕಾ ಹೆಸರನ್ನು ಹೊತ್ತಿದ್ದ ಕ್ಯೋಸೆರಾ 2005ರಲ್ಲಿ ಕ್ಯಾಮೆರಾ ವ್ಯಾಪಾರದಿಂದ ಹೊರನಡೆಯಿತು. ಅದರ ಕಾಂಟ್ಯಾಕ್ಸ್ ಕ್ಯಾಮೆರಾಗಳ ಮೌಂಟ್‌ಗೆ, ಅಂದರೆ ಲೆನ್ಸ್ ಕೂರುವ ಬಾಯಿಗೆ, ವಾರಸುದಾರರೇ ಸಿಗಲಿಲ್ಲ. ಮರುವರ್ಷ ಕೋನಿಕಾ ಮಿನೋಲ್ಟಾ ಕೂಡ ಕೈ ಎತ್ತಿತು. ಆದರೆ ಅದರ ಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ವಿಭಾಗವನ್ನು ಸೋನಿ ತೆಗೆದುಕೊಂಡು, ಅದೇ ವರ್ಷ ಅದೇ ಮೌಂಟ್‌ನಲ್ಲಿ ಆಲ್ಫಾ 100 ಬಿಡುಗಡೆ ಮಾಡಿತು. ಮಿನೋಲ್ಟಾ ಲೆನ್ಸ್ ಕೊಂಡವರು ಬದುಕಿಕೊಂಡರು. ಎರಡೂ ಕಂಪನಿಗಳು ಕ್ಯಾಮೆರಾ ವ್ಯಾಪಾರ ಮುಚ್ಚಿದ್ದು ನಿಜ, ಬಳಸುವವನ ಪಾಡು ಮಾತ್ರ ಒಂದೇ ಆಗಲಿಲ್ಲ.

ಇನ್ನೊಂದು ಸಂಗತಿಯನ್ನು ನನಗೆ ಬುದ್ಧಿ ಹೇಳಿದ ಮಿತ್ರರು ಮರೆತಿದ್ದರು. ಕಂಪನಿ ಗಟ್ಟಿಯಾಗಿ ನಿಂತಿದ್ದರೂ ನಿಮ್ಮ ಲೆನ್ಸನ್ನು ಅದೇ ಅನಾಥ ಮಾಡಬಹುದು. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ ತಂದಾಗ ಎಫ್‌ಡಿ ಲೆನ್ಸ್ ಇಟ್ಟುಕೊಂಡಿದ್ದ ವೃತ್ತಿನಿರತರು ಬರಿಗೈಯಾದರು. 1959ರಿಂದ ನಡೆದುಬಂದ ನಿಕಾನ್ ಎಫ್ ಮೌಂಟ್ ಇರುವಾಗಲೇ 2018ರಲ್ಲಿ ಝಡ್ ಮೌಂಟ್ ಬಂತು. ಅದೇ ವರ್ಷ ಕ್ಯಾನನ್ ಆರ್‌ಎಫ್ ತಂದಿತು. ಇವೆರಡೂ ಮುಚ್ಚುವ ಅಂಗಡಿಗಳಲ್ಲ. ಹಾಗಾಗಿ ‘ಯಾವ ಕಂಪನಿ ಉಳಿಯುತ್ತದೆ’ ಎಂಬ ಪ್ರಶ್ನೆಯನ್ನೇ ಬದಿಗಿಟ್ಟೆ. ನನ್ನ ಮೌಂಟ್‌ಗೆ ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಮಾಡುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಂಡೆ. ಇದ್ದರು. ಮೈಕ್ರೋ ಫೋರ್ ಥರ್ಡ್ಸ್ ಮೌಂಟನ್ನು 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸೋನಿಕ್ ಕೂಡಿಯೇ ಹೊರತಂದಿದ್ದವು. ಒಬ್ಬರು ಬಿಟ್ಟರೂ ನನ್ನ ಲೆನ್ಸ್ ಕೂರಿಸಲು ಇನ್ನೊಬ್ಬರ ಬಾಡಿ ಇದ್ದೇ ಇತ್ತು. ಬಾಡಿ ಹೇಗೂ ಕೆಲವು ವರ್ಷದ ಮಾತು, ನಮ್ಮ ದುಡ್ಡು ಹೂತಿರುವುದು ಲೆನ್ಸಿನಲ್ಲಿ.

ಆಮೇಲೆ ಕೆಲಸಕ್ಕಿಳಿದೆ. ಎಲ್ಲಕ್ಕಿಂತ ಮೊದಲು ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗೇ ಓಡುವ ತಂತ್ರಾಂಶ. ಬೇರೆ ಕಂಪನಿಗಳಲ್ಲಿ ಫೈಲನ್ನು ಕಾರ್ಡಿಗೆ ಹಾಕಿ ಕ್ಯಾಮೆರಾಗೆ ತುಂಬಿದರೆ ಸಾಕು. ಒಲಿಂಪಸ್‌ನಲ್ಲಿ ಹಾಗಿರಲಿಲ್ಲ. ಕ್ಯಾಮೆರಾವನ್ನು ಕಂಪ್ಯೂಟರ್‌ಗೆ ಜೋಡಿಸಿ, ಕಂಪನಿಯದೇ ತಂತ್ರಾಂಶದ ಮೂಲಕ, ಕಂಪನಿಯ ಸರ್ವರ್‌ನಿಂದಲೇ ಇಳಿಸಿಕೊಳ್ಳಬೇಕು. ಸರ್ವರ್ ನಿಂತರೆ ದಾರಿಯೇ ಇಲ್ಲ. ಬಾಡಿಯನ್ನೂ ಲೆನ್ಸ್‌ಗಳನ್ನೂ ಒಂದೊಂದಾಗಿ ಜೋಡಿಸಿ ಕೊನೆಯ ಆವೃತ್ತಿಗೆ ತಂದೆ. ಕೈಪಿಡಿಗಳ ಪಿಡಿಎಫ್, ತಂತ್ರಾಂಶದ ಇನ್‌ಸ್ಟಾಲ್ ಫೈಲ್ ಎಲ್ಲವನ್ನೂ ಹಾರ್ಡ್ ಡಿಸ್ಕಿನಲ್ಲಿ ಇಟ್ಟೆ. ಒಲಿಂಪಸ್‌ನ ಒಆರ್‌ಎಫ್ ರಾ ಫೈಲ್‌ಗಳು (ಕ್ಯಾಮೆರಾ ಕೊಡುವ ಸಂಸ್ಕರಿಸದ ಚಿತ್ರಗಳು) ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶದಲ್ಲಿ ಸರಿಯಾಗಿ ತೆರೆಯುತ್ತವೆಯೇ ಎಂದೂ ನೋಡಿಕೊಂಡೆ. ತೆರೆಯುತ್ತವೆ, ಬಣ್ಣವನ್ನು ಮಾತ್ರ ಸ್ವಲ್ಪ ತಿದ್ದಬೇಕು.

ಮುಂದಿನದು ಬ್ಯಾಟರಿ. ಕ್ಯಾಮೆರಾ ಸಾಯುವ ಮೊದಲು ಬ್ಯಾಟರಿ ಸಾಯುತ್ತದೆ. ಇ-ಎಂ1 ಮಾರ್ಕ್ 2ಕ್ಕೆ ಬೇಕಾದದ್ದು ಬಿಎಲ್‌ಎಚ್-1. ಅಸಲಿ ಬ್ಯಾಟರಿ ಸಿಕ್ಕಷ್ಟು ಕೊಂಡು, ಜೊತೆಗೆ ಒಂದು ಹೆಚ್ಚುವರಿ ಚಾರ್ಜರ್ ತೆಗೆದುಕೊಂಡೆ. ಚಾರ್ಜರ್ ಕೆಟ್ಟರೆ ಬ್ಯಾಟರಿ ರಾಶಿ ಇದ್ದೂ ಉಪಯೋಗವಿಲ್ಲ, ಇದನ್ನು ಬಹಳ ಜನ ಯೋಚಿಸುವುದಿಲ್ಲ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಅಸಲಿ ಎಂದು ಕಳುಹಿಸಿದ್ದೊಂದು ಒಂದೇ ಬೇಸಿಗೆಯಲ್ಲಿ ಉಬ್ಬಿಕೊಂಡು ಚಾರ್ಜರ್‌ನಲ್ಲೇ ಸಿಕ್ಕಿಬಿತ್ತು. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಸುಮಾರು ಅರ್ಧ ಚಾರ್ಜ್‌ನಲ್ಲಿ, ಮನೆಯ ತಂಪಾದ ಕೋಣೆಯಲ್ಲಿ ಇಡಬೇಕು. ಏಪ್ರಿಲ್ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾವ ಬ್ಯಾಟರಿ ಯಾವಾಗ ಕೊಂಡದ್ದು ಎಂದು ಒಂದು ಬಿಳಿ ಪಟ್ಟಿ ಅಂಟಿಸಿ ಬರೆದು, ಸರದಿಯ ಮೇಲೆ ಬಳಸುತ್ತೇನೆ. ಕಣ್ಣಿಗೆ ತಾಗುವ ಐಕಪ್, ಫ್ಲ್ಯಾಶ್ ಕೂರುವ ಜಾಗದ ಮುಚ್ಚಳ, ಬಾಡಿಯ ಮತ್ತು ಲೆನ್ಸಿನ ಮುಚ್ಚಳಗಳು, ಇಂಥ ಚಿಲ್ಲರೆ ಸಾಮಾನನ್ನೂ ಕೂಡಿಹಾಕಿದೆ. ನಾಲ್ಕು ವರ್ಷದ ಮೇಲೆ ಹುಡುಕಿದರೆ ಸಿಗದಿರುವುದು ಇವೇ.

ಈ ಬುದ್ಧಿ ನನಗೆ ಬಂದದ್ದು ಕಾಕಾ ಬಿಟ್ಟುಹೋದ ಓಎಂ-1ರಿಂದ. ಯೋಶಿಹಿಸಾ ಮೈತಾನಿ ವಿನ್ಯಾಸ ಮಾಡಿದ ಈ ಕ್ಯಾಮೆರಾ 1972ರಲ್ಲಿ ಎಂ-1 ಎಂಬ ಹೆಸರಿನಲ್ಲಿ ಬಂತು. ಲೈಕಾ ಕ್ಯಾಮೆರಾದವರು ಆಕ್ಷೇಪಿಸಿದ್ದರಿಂದ ಓಎಂ-1 ಆಯಿತು. ಒಲಿಂಪಸ್ ಓಎಂ ಸರಣಿಯನ್ನು 2002ರಲ್ಲೇ ನಿಲ್ಲಿಸಿತು. ಹಾಗಿದ್ದೂ ಅದು ಇವತ್ತಿಗೂ ಫೋಟೋ ತೆಗೆಯುತ್ತದೆ, ಏಕೆಂದರೆ ಶಟರ್ ಪೂರ್ತಿ ಯಾಂತ್ರಿಕ. ಬ್ಯಾಟರಿ ಬೇಕಾಗಿರುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ.

ಆ ಬ್ಯಾಟರಿಯದೇ ಒಂದು ಪುರಾಣ. ಅದಕ್ಕೆಂದು ಮಾಡಿದ್ದ 1.35 ವೋಲ್ಟ್‌ನ ಪಾದರಸದ ಸೆಲ್ ಈಗ ಎಲ್ಲೂ ತಯಾರಾಗುವುದಿಲ್ಲ. ಕಾಕಾನ ಯಾಶಿಕಾಕ್ಕೂ ಬೇಕಾಗಿದ್ದುದು ಅದೇ ಸೆಲ್. ಬದಲಿಗೆ 1.55 ವೋಲ್ಟ್‌ನ ಗುಂಡಿ ಸೆಲ್ ಹಾಕಿದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ, ನೆಗೆಟಿವ್ ಪೇಲವವಾಗಿ ಬರುತ್ತದೆ. ನಾನು ಹಿಡಿದ ದಾರಿ ಶ್ರವಣ ಸಾಧನದ ಸೆಲ್. 675 ಸಂಖ್ಯೆಯ ಜಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುತ್ತದೆ, ಹಳೆಯದಕ್ಕೆ ಹತ್ತಿರ. ಅಡ್ಡಳತೆ ಮಾತ್ರ ಚಿಕ್ಕದು. ನಲ್ಲಿ ರಿಪೇರಿಯವರು ಬಳಸುವ ರಬ್ಬರ್ ವಾಷರ್ ಒಂದನ್ನು ಸುತ್ತ ಕೂರಿಸಿದೆ, ಅಲುಗಾಡದೆ ನಿಂತಿತು. ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಒಮ್ಮೆ ಕಿತ್ತರೆ ಬಳಸಿದರೂ ಬಳಸದಿದ್ದರೂ ಕೆಲವೇ ವಾರಗಳಲ್ಲಿ ಅದು ಮುಗಿಯುತ್ತದೆ. ಅಂಗಡಿಯವರು ಮೊದಲ ಸಲ ‘ಮನೆಯಲ್ಲಿ ಯಾರಿಗೆ ಕಿವಿ ಕೇಳಿಸುವುದಿಲ್ಲ?’ ಎಂದು ಕಾಳಜಿಯಿಂದ ಕೇಳಿದರು. ಕ್ಯಾಮೆರಾಗೆ ಎಂದಾಗ ನಂಬಲಿಲ್ಲ. ಈಗ ನನ್ನನ್ನು ಕಂಡ ಕೂಡಲೇ ಆ ಪೊಟ್ಟಣವನ್ನೇ ತೆಗೆದಿಡುತ್ತಾರೆ.

ಓಎಂ-1ರ ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ಒಳಬರದಂತೆ ತಡೆಯುವ ತೆಳು ಸ್ಪಂಜಿನ ಪಟ್ಟಿ ಇರುತ್ತದೆ. ಐವತ್ತು ವರ್ಷಕ್ಕೆ ಅದು ಕರಗಿ ಡಾಂಬರಿನಂತೆ ಅಂಟಾಗಿತ್ತು. ಪ್ರಿಸಮ್ ಮೇಲಿನ ಸ್ಪಂಜೂ ಹೀಗೆಯೇ ಕರಗಿ ಗಾಜಿನ ಬೆಳ್ಳಿಲೇಪವನ್ನು ತಿನ್ನುತ್ತದೆ, ವ್ಯೂಫೈಂಡರ್‌ನಲ್ಲಿ ಕಪ್ಪು ಕಲೆ ಕಾಣಿಸಿಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ರೋಲ್ ಕಾಲದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಅವರ ಪಕ್ಕ ಕುಳಿತು ಈ ಕೆಲಸ ಕಲಿತೆ. ಬಿದಿರಿನ ಹಲ್ಲುಕಡ್ಡಿಯ ತುದಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಪಟ್ಟಿ ಕೂರುವ ತೋಡಿನ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಕೆರೆಯಬೇಕು. ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದಿರಬೇಕು, ಕೆರೆದ ಕಸ ಬಟ್ಟೆಯ ಶಟರ್ ಪರದೆಯ ಮೇಲೆ ಬೀಳಬಾರದು. ಅವರು ನನಗೆ ಮೊದಲು ಹೇಳಿಕೊಟ್ಟದ್ದು ಸ್ಕ್ರೂಡ್ರೈವರ್ ಪಾಠ. ಜಪಾನಿ ಕ್ಯಾಮೆರಾದ ಸ್ಕ್ರೂಗಳು ನೋಡಲು ನಮ್ಮ ಫಿಲಿಪ್ಸ್ ಸ್ಕ್ರೂನಂತೆಯೇ ಇದ್ದರೂ ಅಳತೆ ಬೇರೆ, ಅವು ಜೆಐಎಸ್, ಅಂದರೆ ಜಪಾನಿನ ಮಾನಕದವು. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಸ್ಕ್ರೂ ಅಲ್ಲೇ ಗೋರಿಯಾಗುತ್ತದೆ.

ನಮ್ಮ ಭಾಗದ ಹವೆಯೂ ಲೆಕ್ಕಕ್ಕೆ ಬರುತ್ತದೆ. ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಲೆನ್ಸಿನೊಳಗೆ ಫಂಗಸ್ ಬರಲು ಅಷ್ಟು ಸಾಕು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇಲ್ಲದೆ ಮಳೆಗಾಲ ಕಳೆಯಬಾರದು. ಗದಗ ಕಡೆಗೆ ಹೋದರೆ ತದ್ವಿರುದ್ಧ: ಎರೆಹೊಲದ ಕಪ್ಪು ಧೂಳು, ಟ್ರ್ಯಾಕ್ಟರ್ ಒಂದು ಹಾದುಹೋದರೆ ಸಾಕು. ಸೆನ್ಸರ್ ಮುಂದಿನ ತೆಳು ಗಾಜನ್ನು ನಡುಗಿಸಿ ಧೂಳು ಉದುರಿಸುವ ವ್ಯವಸ್ಥೆಯನ್ನು ಒಲಿಂಪಸ್ 2003ರ ಇ-1 ಕ್ಯಾಮೆರಾದಲ್ಲೇ ತಂದಿತ್ತು. ನಾನು ಈ ಕಂಪನಿಯ ಕಡೆ ವಾಲಿದ್ದಕ್ಕೆ ಅದೂ ಒಂದು ಕಾರಣ.

ಮುಖ್ಯ ಕಾರಣ ತೂಕ. ಬಾಡಿ 574 ಗ್ರಾಂ. 300 ಎಂಎಂ ಎಫ್4 ಲೆನ್ಸ್ ಟ್ರೈಪಾಡ್ ಕಾಲರ್ ಬಿಚ್ಚಿದರೆ 1,270 ಗ್ರಾಂ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗೆ ಹೋಲಿಸಿದರೆ 600 ಎಂಎಂ ಲೆನ್ಸಿನಷ್ಟು ಹತ್ತಿರ ಎಳೆಯುತ್ತದೆ. ಎರಡೂ ಸೇರಿ ಎರಡು ಕಿಲೋ ಇಲ್ಲ. ನಸುಕಿನಲ್ಲಿ ಬೈಕ್ ಮೇಲೆ ಲಕ್ಷ್ಮೇಶ್ವರ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಕ್ಕಿ ತೆಗೆಯಲು ಹೋಗುವವನಿಗೆ ಇದು ಸಣ್ಣ ವಿಷಯವಲ್ಲ.

ಆ ಲೆನ್ಸ್ ನನ್ನ ಕೈಗೆ ಬಂದದ್ದೂ ಇದೇ ಸುದ್ದಿಯ ಪುಣ್ಯದಿಂದ. ಮೊದಲು ನನ್ನ ಬಳಿ ಇದ್ದುದು 75-300, ಬೆಳಕು ಕಡಿಮೆಯಾದರೆ ಕೈಕೊಡುವಂಥದ್ದು. ಸುದ್ದಿ ಹಬ್ಬಿದ ಮೇಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ದಿಗಿಲು ಬಿದ್ದು ಮಾರುವವರ ಸಾಲು ಹುಟ್ಟಿತು. ಬೆಂಗಳೂರಿನ ಒಬ್ಬರು 300 ಎಂಎಂ ಲೆನ್ಸನ್ನು, ನಾನು ಎಂದೂ ಕನಸು ಕಾಣದ ಬೆಲೆಗೆ ಕೊಟ್ಟರು. ಟಾರ್ಚ್ ಬಿಟ್ಟು ಗಾಜಿನೊಳಗೆ ಫಂಗಸ್ ಹುಡುಕಿ, ಫೋಕಸ್ ರಿಂಗ್ ತಿರುಗಿಸಿ, ಮೌಂಟ್‌ನ ಚಿನ್ನದ ಬಣ್ಣದ ಬಿಂದುಗಳನ್ನು ಒರೆಸಿ ನೋಡಿ ತೆಗೆದುಕೊಂಡೆ. ಕಾರ್ಖಾನೆ ಮುಚ್ಚುವ ಮೊದಲೇ ಗುಲ್ಲು ಬೆಲೆಯನ್ನು ಕೊಲ್ಲುತ್ತದೆ. ಮಾರುವವನಿಗೆ ಅದು ನಷ್ಟ, ಬಳಸಿ ಸವೆಸಬೇಕೆಂದಿರುವವನಿಗೆ ಲಾಭ. ಇಲ್ಲಿ ಒಂದು ಮಾತು: ದುಡಿಮೆ ಪೂರ್ತಿ ಆ ಕ್ಯಾಮೆರಾ ಮೇಲೆಯೇ ನಿಂತಿದ್ದರೆ, ಮುಹೂರ್ತದ ಹೊತ್ತಿಗೆ ಬಾಡಿ ಕೈಕೊಟ್ಟರೆ ಅದೇ ದಿನ ಬಾಡಿಗೆಗೆ ಇನ್ನೊಂದು ಸಿಗುವ ಕಂಪನಿಯದನ್ನೇ ಇಟ್ಟುಕೊಳ್ಳಿ. ನಾನೂ ಮದುವೆಗೆ ಒಲಿಂಪಸ್ ಒಯ್ಯುವುದಿಲ್ಲ.

ಕೊನೆಗೆ ಮುಚ್ಚಿದ್ದೇನೂ ಇಲ್ಲ. 2014ರಲ್ಲಿ ಸೋನಿಯ ವಾಯೋ ಕಂಪ್ಯೂಟರ್ ವಿಭಾಗವನ್ನು ಕೊಂಡಿದ್ದ ಅದೇ ಹೂಡಿಕೆ ಸಂಸ್ಥೆಯ ಕೈಯಲ್ಲಿ, 2021ರ ಜನವರಿ 1ರಿಂದ ಓಎಂ ಡಿಜಿಟಲ್ ಸೊಲ್ಯೂಷನ್ಸ್ ಎಂಬ ಕಂಪನಿ ಕೆಲಸ ಆರಂಭಿಸಿತು. ಅದೇ ಅಕ್ಟೋಬರ್‌ನಲ್ಲಿ ಓಎಂ ಸಿಸ್ಟಮ್ ಎಂಬ ಹೊಸ ಬ್ರ್ಯಾಂಡ್ ಬಂತು, 2022ರಲ್ಲಿ ಹಳೆಯ ಹೆಸರಿನ ಹೊಸ ಡಿಜಿಟಲ್ ಓಎಂ-1. ಅದರ ಬ್ಯಾಟರಿ ಬಿಎಲ್‌ಎಕ್ಸ್-1, ನನ್ನ ಬಾಡಿಗೆ ಹೊಂದುವುದಿಲ್ಲ. ಕಂಪನಿ ಉಳಿಯಿತು, ನನ್ನ ಬ್ಯಾಟರಿಗೆ ಮಾತ್ರ ಉತ್ತರಾಧಿಕಾರಿ ಇಲ್ಲ. ಆ ಬಿಳಿ ಪಟ್ಟಿಗಳು ಈಗಲೂ ಕೆಲಸಕ್ಕೆ ಬರುತ್ತಿವೆ.

ಶಟರ್ ಬಗ್ಗೆಯೂ ಜಿಪುಣತನ ಕಲಿತಿದ್ದೇನೆ. ಈ ಬಾಡಿಯ ಯಾಂತ್ರಿಕ ಶಟರ್‌ಗೆ ಕಂಪನಿ ಹೇಳಿದ ಆಯಸ್ಸು 2 ಲಕ್ಷ ಹೊಡೆತ. ಎಷ್ಟು ಆಗಿದೆ ಎಂದು ಕೆಲವು ಗುಂಡಿಗಳನ್ನು ಕ್ರಮವಾಗಿ ಒತ್ತಿದರೆ ತೆರೆದುಕೊಳ್ಳುವ ಗುಪ್ತ ಮೆನುವಿನಲ್ಲಿ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದನ್ನು ನೋಡದೆ ದುಡ್ಡು ಕೊಡಬಾರದು. ಮಾಗಡಿಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ನೀರಿನಲ್ಲಿ ಕುಳಿತಿರುವಾಗ ಎಲೆಕ್ಟ್ರಾನಿಕ್ ಶಟರ್‌ನಲ್ಲೇ ತೆಗೆಯುತ್ತೇನೆ. ಸದ್ದಿಲ್ಲ, ಸವೆತವೂ ಇಲ್ಲ. ಹಾರುವಾಗ ಮಾತ್ರ ಅದು ನಡೆಯದು, ಸೆನ್ಸರ್ ಸಾಲುಸಾಲಾಗಿ ಓದುವಷ್ಟರಲ್ಲಿ ರೆಕ್ಕೆ ಸರಿದು ಚಿತ್ರದಲ್ಲಿ ಡೊಂಕಾಗುತ್ತದೆ. ಆಗ ಯಾಂತ್ರಿಕ ಶಟರ್‌ಗೆ ಬದಲಾಯಿಸುತ್ತೇನೆ.

ಒಂದು ದಿನ ಆ ಶಟರ್ ಹೋಗುತ್ತದೆ, ಅದು ಖಚಿತ. ರಿಪೇರಿಯ ಹಿರಿಯರನ್ನು ಕೇಳಿದಾಗ, ‘ಇದೇ ಮಾದರಿಯ ಸತ್ತ ಬಾಡಿ ಎರಡು ತನ್ನಿ, ನೋಡೋಣ’ ಎಂದರು. ಒಂದು ಸಿಕ್ಕಿದೆ. ನೀರು ಹೊಕ್ಕು ಬೋರ್ಡ್ ಸುಟ್ಟಿದೆ, ಆದರೆ ಶಟರ್ ಹೆಚ್ಚು ಓಡಿಲ್ಲ ಎಂದು ಮಾರಿದವರು ಹೇಳಿದ್ದಾರೆ. ಬೋರ್ಡ್ ಸರಿಯಿದ್ದು ಬೇರೇನಾದರೂ ಕೆಟ್ಟ ಇನ್ನೊಂದನ್ನು ಹುಡುಕುತ್ತಿದ್ದೇನೆ.